ಕೆಟ್ಟಿಲ್ಲ, ಇನ್ನೂ ಮುಗಿದಿಲ್ಲ

ಗಿಟಾರಿನ ಸದ್ದನ್ನು ಒರಟಾಗಿಸುವ ಫಝ್ ಪೆಡಲ್‌ಗಳ ಚರಿತ್ರೆ ಕೆಟ್ಟುಹೋದ ಒಂದು ಯಂತ್ರದಿಂದ ಶುರುವಾಗುತ್ತದೆ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಹಾಡಿದ, 1961ರಲ್ಲಿ ಹೊರಬಂದ ‘ಡೋಂಟ್ ವರಿ’ ಹಾಡಿನ ನಡುವೆ ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಗಿಟಾರಿನ ತುಣುಕೊಂದಿದೆ. ಧ್ವನಿಮುದ್ರಣದ ವೇಳೆ ಮಿಕ್ಸಿಂಗ್ ಮೇಜಿನ ಒಂದು ಚಾನೆಲ್‌ನ ಟ್ರಾನ್ಸ್‌ಫಾರ್ಮರ್ ಕೈಕೊಟ್ಟು, ಆ ತುಣುಕು ಹರಿದ ಬಟ್ಟೆಯಂತೆ ಚಿಂದಿಯಾಗಿ ಕೇಳಿಸಿತು. ಅದನ್ನು ತೆಗೆದುಹಾಕದೆ ಹಾಗೇ ಉಳಿಸಿಕೊಂಡರು. ಹಾಡು ಗೆದ್ದಿತು, ಬೇರೆ ಕಲಾವಿದರೂ ಅದೇ ಸದ್ದು ಬೇಕೆಂದು ಕೇಳತೊಡಗಿದರು. ಆ ಹೊತ್ತಿಗೆ ಕೆಟ್ಟ ಚಾನೆಲ್ ಪೂರ್ತಿ ಸತ್ತಿತ್ತು. ಸ್ಟುಡಿಯೋದ ಎಂಜಿನಿಯರ್ ಗ್ಲೆನ್ ಸ್ನಾಡಿ ಅಲ್ಲಿ ಏನಾಗಿತ್ತೆಂದು ಅರ್ಥ ಮಾಡಿಕೊಂಡು, ಅದೇ ಬಗೆಯ ಸದ್ದನ್ನು ಟ್ರಾನ್ಸಿಸ್ಟರ್‌ಗಳಿಂದ ಬೇಕೆಂದಾಗ ಹೊರಡಿಸುವ ಸರ್ಕ್ಯೂಟ್ ಒಂದನ್ನು ಕಟ್ಟಿದರು. ಗಿಬ್ಸನ್ ಕಂಪನಿ 1962ರಲ್ಲಿ ಅದನ್ನು ಮ್ಯಾಸ್ಟ್ರೋ ಫಝ್ ಟೋನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಮೊದಮೊದಲು ಕೇಳುವವರಿರಲಿಲ್ಲ. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನ ಮೊದಲ ಸ್ವರಗಳು ಅದೇ ಡಬ್ಬಿಯಿಂದ ಹೊರಟ ಮೇಲೆ ಅಂಗಡಿಗಳಲ್ಲಿ ದಾಸ್ತಾನು ಉಳಿಯಲಿಲ್ಲ.

ಮನೆಯಲ್ಲಿ ಪೆಡಲ್ ಕಟ್ಟುವ ಹವ್ಯಾಸಿಗಳಿಗೆ ಈ ಕತೆ ಬಹಳ ಪ್ರಿಯ. ಆದರೆ ಅವರು ಇದರಿಂದ ಕಲಿಯುವ ಪಾಠ ಅವರ ಕೆಲಸಕ್ಕೆ ಹೊಂದುವುದಿಲ್ಲ. ನ್ಯಾಶ್‌ವಿಲ್‌ನ ಮಿಕ್ಸರ್ ಅಲ್ಲಿಯವರೆಗೂ ಸರಿಯಾಗಿ ದುಡಿದಿತ್ತು. ದುಡಿಯುತ್ತಿದ್ದ ಯಂತ್ರ ನಿಂತರೆ ಅದರೊಳಗಿನ ಯಾವುದೋ ಭಾಗ ಸತ್ತಿದೆ ಎಂದು ತಿಳಿಯುವುದು ನ್ಯಾಯ. ಆದರೆ ಮೇಜಿನ ಮೇಲೆ ಈಗಷ್ಟೇ ಬೆಸುಗೆ ಹಾಕಿ ಮುಗಿಸಿದ, ಒಮ್ಮೆಯೂ ಸದ್ದು ಮಾಡದ ಪೆಡಲ್ಲಿನ ಸಂಗತಿಯೇ ಬೇರೆ. ಅದು ಕೆಟ್ಟಿಲ್ಲ, ಏಕೆಂದರೆ ಕೆಡುವುದಕ್ಕೆ ಮೊದಲು ಒಮ್ಮೆ ಸರಿಯಿರಬೇಕು. ಅದರ ಭಾಗಗಳೆಲ್ಲ ಹೊಸವು, ವಯಸ್ಸಾಗಿ ಸೋತವಲ್ಲ. ಹಾಗಿರುವಾಗ ಮೊದಲ ಅನುಮಾನ ಹೋಗಬೇಕಾದದ್ದು ಕಟ್ಟಿದವರ ಕೈಯ ಮೇಲೆ: ಭಾಗಗಳನ್ನು ಎಲ್ಲಿಟ್ಟರು, ಯಾವ ಮುಖವಾಗಿ ಇಟ್ಟರು, ಹೇಗೆ ಕೂಡಿಸಿದರು ಎಂಬುದರ ಮೇಲೆ. ನಡೆಯುವುದು ಮಾತ್ರ ಇದರ ತದ್ವಿರುದ್ಧ. ಸದ್ದು ಬರಲಿಲ್ಲವೆಂದರೆ ಟ್ರಾನ್ಸಿಸ್ಟರ್ ಕಿತ್ತು ಇನ್ನೊಂದು ಹಾಕುತ್ತಾರೆ, ಆಮೇಲೆ ಕೆಪಾಸಿಟರ್ ಬದಲಿಸುತ್ತಾರೆ, ಮತ್ತೆ ಟ್ರಾನ್ಸಿಸ್ಟರಿಗೇ ಬರುತ್ತಾರೆ. ಪ್ರತಿ ಸಲ ಕಿತ್ತಾಗಲೂ ಬೋರ್ಡಿನ ತಾಮ್ರದ ಪಟ್ಟಿ ಒಂದಿಷ್ಟು ಮೇಲೇಳುತ್ತದೆ. ಮೂಲದ ಒಂದು ತಪ್ಪಿನ ಜೊತೆಗೆ ಎರಡು ಹೊಸ ತಪ್ಪು ಸೇರಿದ ಮೇಲೆ ಪೆಡಲ್ ಕಸದ ಬುಟ್ಟಿಗೆ ಬೀಳುತ್ತದೆ. ಭಾಗ ಬದಲಿಸುವುದು ಕೊನೆಯ ಹೆಜ್ಜೆಯಾಗಬೇಕು, ಅದಕ್ಕೂ ಮೊದಲು ಅಳತೆ ಆಗಬೇಕು. ಈ ಬರಹದ ವಾದ ಇಷ್ಟೇ. ಆದರೆ ಅದನ್ನು ಬಾಯಿಮಾತಿನಲ್ಲಿ ಹೇಳಿ ಬಿಟ್ಟರೆ ಪ್ರಯೋಜನವಿಲ್ಲ, ಒಂದು ಸರ್ಕ್ಯೂಟನ್ನು ಮುಂದಿಟ್ಟುಕೊಂಡೇ ನೋಡಬೇಕು.

ಅದಕ್ಕೆ ಎಲೆಕ್ಟ್ರೋ ಹಾರ್ಮೋನಿಕ್ಸ್ ಕಂಪನಿಯ ಎಲ್‌ಪಿಬಿ-1 ಎಂಬ ಬೂಸ್ಟರ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಅರವತ್ತರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಇದರಲ್ಲಿರುವುದು ಬೇಸ್, ಕಲೆಕ್ಟರ್, ಎಮಿಟರ್ ಎಂಬ ಮೂರು ಕಾಲುಗಳ ಒಂದೇ ಟ್ರಾನ್ಸಿಸ್ಟರ್. ಜೊತೆಗೆ ನಾಲ್ಕು ರೆಸಿಸ್ಟರ್, ಒಳಬರುವ ದಾರಿಗೊಂದು ಹೊರಹೋಗುವ ದಾರಿಗೊಂದು ಕೆಪಾಸಿಟರ್, ಸದ್ದಿನ ಮಟ್ಟಕ್ಕೆ ಒಂದು ಪಾಟ್. ಗಿಟಾರಿನ ಪಿಕಪ್‌ನಿಂದ ಬರುವ ಸಂಕೇತ ವೋಲ್ಟಿನ ಒಂದು ಸಣ್ಣ ಪಾಲು. ಅದನ್ನು ಸುಮಾರು ಇಪ್ಪತ್ತು ಪಟ್ಟು ಹಿಗ್ಗಿಸಿ ಮುಂದಕ್ಕೆ ತಳ್ಳುವುದಷ್ಟೇ ಇದರ ಕೆಲಸ, ಮುಂದಿರುವ ಆಂಪ್ಲಿಫೈಯರ್ ಆ ಹೊಡೆತ ತಾಳಲಾರದೆ ಗರ್ಜಿಸುತ್ತದೆ. 9 ವೋಲ್ಟಿನಿಂದ ಟ್ರಾನ್ಸಿಸ್ಟರಿನ ಬೇಸಿಗೆ 430 ಕಿಲೋ ಓಮ್, ಬೇಸಿನಿಂದ ಗ್ರೌಂಡಿಗೆ 43 ಕಿಲೋ ಓಮ್, ಕಲೆಕ್ಟರಿಗೆ 10 ಕಿಲೋ ಓಮ್, ಎಮಿಟರಿಗೆ 390 ಓಮ್. ಬೆಂಗಳೂರಿನ ಎಸ್‌ಪಿ ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ 430 ಮತ್ತು 43 ಇಲ್ಲ ಅಂದರೆ ಬರಿಗೈಯಲ್ಲಿ ವಾಪಸಾಗಬೇಕಿಲ್ಲ. 470 ಮತ್ತು 47 ತಂದರೂ ನಡೆಯುತ್ತದೆ, ಏಕೆಂದರೆ ಇಲ್ಲಿ ಮುಖ್ಯವಾದದ್ದು ಎರಡರ ನಡುವಿನ ಹತ್ತಕ್ಕೊಂದು ಅನುಪಾತ. ಆ ಅನುಪಾತ 9 ವೋಲ್ಟನ್ನು ಹಂಚಿ ಬೇಸಿನಲ್ಲಿ ಸುಮಾರು 0.8 ವೋಲ್ಟ್ ನಿಲ್ಲಿಸುತ್ತದೆ. ಬೇಸಿನ ಪ್ರವಾಹದಿಂದ ಅದು ಸ್ವಲ್ಪ ಇಳಿದು 0.75ರ ಹತ್ತಿರ ಬರಬಹುದು. ಸಿಲಿಕಾನ್ ಟ್ರಾನ್ಸಿಸ್ಟರಿನಲ್ಲಿ ಬೇಸಿಗೂ ಎಮಿಟರಿಗೂ 0.6 ವೋಲ್ಟಿನಷ್ಟು ಅಂತರ ಇರುವುದರಿಂದ ಎಮಿಟರಿನಲ್ಲಿ 0.15 ಅಥವಾ 0.2 ಉಳಿಯುತ್ತದೆ. ಆ 0.2 ವೋಲ್ಟ್ 390 ಓಮ್ ಮೇಲೆ ಬಿದ್ದರೆ ಹರಿಯುವುದು ಅರ್ಧ ಮಿಲಿಆಂಪಿಯರ್. ಅದೇ ಪ್ರವಾಹ 10 ಕಿಲೋ ಓಮ್‌ನಲ್ಲಿ ಹರಿಯುವಾಗ 5 ವೋಲ್ಟ್ ಕಳೆದುಹೋಗುತ್ತದೆ. ಅಲ್ಲಿಗೆ ಕಲೆಕ್ಟರಿನಲ್ಲಿ ಉಳಿಯುವುದು 4ರಿಂದ 5 ವೋಲ್ಟ್. ಗಿಟಾರಿನ ಸಂಕೇತ ಮೇಲಕ್ಕೂ ಕೆಳಕ್ಕೂ ಸಮನಾಗಿ ಆಡಬೇಕಾದರೆ ಕಲೆಕ್ಟರ್ ಹೀಗೆ ನಡುವೆ ಎಲ್ಲೋ ನಿಂತಿರಬೇಕು. ಹೈಸ್ಕೂಲಿನ ಓಮ್ ನಿಯಮಕ್ಕಿಂತ ಹೆಚ್ಚಿನ ಗಣಿತ ಇದರಲ್ಲಿಲ್ಲ.

ಬೇಸು, ಎಮಿಟರ್, ಕಲೆಕ್ಟರಿನ ಈ ಮೂರು ವೋಲ್ಟೇಜುಗಳು ಕೈಯಲ್ಲಿದ್ದರೆ ಮೂಕ ಪೆಡಲ್ ಮಾತಾಡತೊಡಗುತ್ತದೆ. ಮಲ್ಟಿಮೀಟರಿನ ಕಪ್ಪು ತಂತಿಯನ್ನು ಗ್ರೌಂಡಿಗೆ ಹಿಡಿದು ಕೆಂಪು ಮೊನೆಯನ್ನು ಟ್ರಾನ್ಸಿಸ್ಟರಿನ ಕಾಲುಗಳಿಗೆ ಒಂದೊಂದಾಗಿ ತಾಗಿಸಿ ನೋಡಿ. ಮೂರರಲ್ಲೂ ಸೊನ್ನೆ ಬಂದರೆ ಸರ್ಕ್ಯೂಟಿಗೆ ವಿದ್ಯುತ್ತೇ ತಲುಪಿಲ್ಲ, ಟ್ರಾನ್ಸಿಸ್ಟರಿಗೂ ಅದಕ್ಕೂ ಸಂಬಂಧವಿಲ್ಲ. ಕಲೆಕ್ಟರಿನಲ್ಲಿ ಪೂರ್ತಿ 9 ಇದ್ದರೆ ಟ್ರಾನ್ಸಿಸ್ಟರಿನಲ್ಲಿ ಪ್ರವಾಹ ಹರಿಯುತ್ತಿಲ್ಲ. ಆಗ ಬೇಸನ್ನು ನೋಡಬೇಕು. ಅಲ್ಲೂ ಸೊನ್ನೆಯಾದರೆ ಮೇಲಿನ ದೊಡ್ಡ ರೆಸಿಸ್ಟರ್ ತಾಗಿಲ್ಲ ಅಥವಾ ಬೇಸು ಗ್ರೌಂಡಿಗೆ ಶಾರ್ಟ್ ಆಗಿದೆ. ಬೇಸಿನಲ್ಲಿ 0.8 ಇದ್ದೂ ಕಲೆಕ್ಟರಿನಲ್ಲಿ 9 ಇದ್ದರೆ ಎಮಿಟರಿನಿಂದ ಗ್ರೌಂಡಿಗೆ ಹೋಗುವ ದಾರಿ ಕಡಿದಿದೆ. ಅದೇ ಕಲೆಕ್ಟರ್ ಅರ್ಧ ವೋಲ್ಟಿಗಿಂತ ಕೆಳಗೆ ಕುಸಿದಿದ್ದರೆ ಟ್ರಾನ್ಸಿಸ್ಟರ್ ಮಿತಿಮೀರಿ ತೆರೆದುಕೊಂಡಿದೆ. ಬೇಸಿನಿಂದ ಗ್ರೌಂಡಿಗೆ ಇರಬೇಕಾದ ರೆಸಿಸ್ಟರ್ ತಾಗದಿದ್ದಾಗ ಹೀಗಾಗುತ್ತದೆ. ಬೇಸಿಗೂ ಕಲೆಕ್ಟರಿಗೂ ಒಂದೇ ವೋಲ್ಟೇಜ್ ಬಂದರೆ ಅವೆರಡರ ನಡುವೆ ಬೆಸುಗೆ ಹರಿದು ಸೇತುವೆ ಕಟ್ಟಿದೆ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಇಷ್ಟು ಸಾಧ್ಯತೆಗಳಲ್ಲಿ ಟ್ರಾನ್ಸಿಸ್ಟರ್ ಸತ್ತದ್ದರಿಂದಲೇ ಆಗುವಂಥದ್ದು ಎಷ್ಟಿದೆ? ಸತ್ತ ಟ್ರಾನ್ಸಿಸ್ಟರ್ ಕೂಡ ಇವುಗಳಲ್ಲಿ ಕೆಲವನ್ನು ತೋರಿಸಬಲ್ಲದು, ನಿಜ. ಆದರೆ ಪ್ರತಿಯೊಂದು ಅಳತೆಯೂ ಮೊದಲು ನೋಡಬೇಕಾದ ಬೇರೊಂದು ಜಾಗವನ್ನು ಹೆಸರು ಹಿಡಿದು ಹೇಳುತ್ತದೆ. ಬದಲಿಸಿ ನೋಡುವ ಪದ್ಧತಿಯಿಂದ ಸಿಗುವ ಉತ್ತರ ಒಂದೇ: ಆಯಿತು ಅಥವಾ ಆಗಲಿಲ್ಲ. ಆಗದಿದ್ದಾಗ ಅದು ಮುಂದಿನ ದಾರಿ ತೋರಿಸುವುದಿಲ್ಲ, ಆದಾಗ ಯಾಕೆ ಆಯಿತೆಂದೂ ತಿಳಿಯುವುದಿಲ್ಲ. ಎಷ್ಟೋ ಸಲ ಹೊಸ ಟ್ರಾನ್ಸಿಸ್ಟರ್ ಹಾಕಿದಾಗ ಪೆಡಲ್ ಎದ್ದು ಕೂರುವುದು ಸರಿಯಾಗಿ ಹಿಡಿಯದ ಹಳೆಯ ಬೆಸುಗೆ (ಡ್ರೈ ಸೋಲ್ಡರ್) ಆ ನೆಪದಲ್ಲಿ ಮತ್ತೊಮ್ಮೆ ಕರಗಿ ಸರಿಹೋದದ್ದರಿಂದ. ಪಾಪದ ಹಳೆಯ ಟ್ರಾನ್ಸಿಸ್ಟರ್ ತಪ್ಪಿಲ್ಲದೆ ಶಿಕ್ಷೆ ಉಂಡಿರುತ್ತದೆ.

ಕೈತಪ್ಪುಗಳಲ್ಲೂ ಒಂದು ಕ್ರಮವಿದೆ, ಅವು ಎಲ್ಲರಲ್ಲೂ ಒಂದೇ ತರ ಮರುಕಳಿಸುತ್ತವೆ. ನಮ್ಮಲ್ಲಿ ತೀರ ಸಾಮಾನ್ಯವಾದದ್ದನ್ನೇ ತೆಗೆದುಕೊಳ್ಳೋಣ. ಪಾಶ್ಚಾತ್ಯ ನಕ್ಷೆಗಳು ಬಹುಪಾಲು 2ಎನ್ 3904 ಅಥವಾ 2ಎನ್ 5088 ಟ್ರಾನ್ಸಿಸ್ಟರ್ ಹಾಕಿ ಎನ್ನುತ್ತವೆ. ನಮ್ಮ ಅಂಗಡಿಗಳಲ್ಲಿ ಕಡಲೆಪುರಿಯಂತೆ ಸಿಗುವುದು ಬಿಸಿ 547. ಬದಲಿಯಾಗಿ ಅದು ಧಾರಾಳವಾಗಿ ಸಾಕು. ಆದರೆ ಚಪ್ಪಟೆ ಮುಖವನ್ನು ನಮ್ಮ ಕಡೆಗೆ ಹಿಡಿದರೆ 3904ರ ಕಾಲುಗಳು ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್ ಎಂದು ಬರುತ್ತವೆ, 547ರಲ್ಲಿ ಕಲೆಕ್ಟರ್, ಬೇಸ್, ಎಮಿಟರ್. ನಕ್ಷೆಯ ಚಿತ್ರ ನೋಡಿ ಹಾಗೇ ಚುಚ್ಚಿದರೆ ಎಮಿಟರ್ ಮತ್ತು ಕಲೆಕ್ಟರ್ ಅದಲುಬದಲು. ಇದರ ಕಿತಾಪತಿ ಏನೆಂದರೆ, ತಿರುವುಮುರುವಾದ ಟ್ರಾನ್ಸಿಸ್ಟರ್ ಪೂರ್ತಿ ಸುಮ್ಮನಿರುವುದಿಲ್ಲ. ಬಹಳ ಕಡಿಮೆ ಶಕ್ತಿಯಲ್ಲಿ ಕೆಲಸ ಮಾಡುತ್ತದೆ. ಸದ್ದು ಬರುತ್ತದೆ, ಆದರೆ ಸೊರಗಿ ಬರುತ್ತದೆ. ಕಟ್ಟಿದವರು ‘ಟ್ರಾನ್ಸಿಸ್ಟರ್ ವೀಕು’ ಎಂದು ಇನ್ನೊಂದು 547 ತಂದು ಮತ್ತೆ ಅದೇ ದಿಕ್ಕಿಗೆ ಹಾಕುತ್ತಾರೆ. ಮೀಟರ್ ಹಿಡಿದಿದ್ದರೆ ನಡುವೆ ನಿಲ್ಲಬೇಕಾದ ವೋಲ್ಟೇಜ್ ಮೇಲೇರಿ ಕೂತಿರುವುದು ಕಣ್ಣಿಗೆ ಬೀಳುತ್ತಿತ್ತು. ಇನ್ನು ರೆಸಿಸ್ಟರಿನ ಬಣ್ಣಗಳು. ಕಂದು, ಕಪ್ಪು, ಕೆಂಪು ಎಂದರೆ 1 ಕಿಲೋ ಓಮ್. ಕಂದು, ಕಪ್ಪು, ಕಿತ್ತಳೆ ಎಂದರೆ 10 ಕಿಲೋ ಓಮ್. ರಾತ್ರಿ ದೀಪದ ಬೆಳಕಿನಲ್ಲಿ ಕೆಂಪೂ ಕಿತ್ತಳೆಯೂ ಒಂದೇ. ಬೋರ್ಡಿಗೆ ಹಾಕುವ ಮೊದಲೇ ಪ್ರತಿ ರೆಸಿಸ್ಟರನ್ನು ಮೀಟರಿನಲ್ಲಿ ಅಳೆಯಲು ಬೇಕಾಗುವುದು ಕೆಲವೇ ಸೆಕೆಂಡು. ಬೋರ್ಡಿನಲ್ಲಿ ಕೂತ ಮೇಲೆ ಅಕ್ಕಪಕ್ಕದ ದಾರಿಗಳೂ ಸೇರಿಕೊಂಡು ಅಳತೆ ತಪ್ಪಾಗಿ ಬರುತ್ತದೆ. ಕೆಪಾಸಿಟರಿನ ಮೇಲೆ 104 ಎಂದಿದ್ದರೆ ಅದು 0.1 ಮೈಕ್ರೋಫ್ಯಾರಡ್, 103 ಎಂದಿದ್ದರೆ ಅದರ ಹತ್ತನೇ ಒಂದು ಪಾಲು. ಅದಲುಬದಲಾದರೆ ಪೆಡಲ್ ಸಾಯುವುದಿಲ್ಲ, ಮಂದ್ರ ಸ್ವರಗಳು ಮಾತ್ರ ಕಾಣೆಯಾಗುತ್ತವೆ.

ಬೋರ್ಡಿನ ಅಳತೆಗಳೆಲ್ಲ ಸರಿಯಿದ್ದೂ ಸದ್ದಿಲ್ಲವೆಂದರೆ ತಪ್ಪು ಬೋರ್ಡಿನ ಹೊರಗಿದೆ. ಹೊಸಬರು ನೋಡದಿರುವ ಜಾಗವೂ ಅದೇ. ಬ್ಯಾಟರಿ ಪೆಡಲ್‌ಗಳಲ್ಲಿ ಒಳಬರುವ ಜಾಕ್ ಸ್ಟೀರಿಯೋ ಜಾಕ್ ಆಗಿರುತ್ತದೆ. ಬ್ಯಾಟರಿಯ ಋಣ ತುದಿ ಅದರ ನಡುವಿನ ಉಂಗುರಕ್ಕೆ ಸೇರಿರುತ್ತದೆ. ಗಿಟಾರಿನ ಮಾಮೂಲಿ ಪಿನ್ನು ಚುಚ್ಚಿದಾಗಲೇ ಆ ಉಂಗುರ ಗ್ರೌಂಡಿಗೆ ತಾಗಿ ವಿದ್ಯುತ್ ಹರಿಯುವುದು. ಪಿನ್ನು ಚುಚ್ಚದೆ ಮೀಟರ್ ಹಿಡಿದು ‘ಎಲ್ಲ ಕಡೆ ಸೊನ್ನೆ’ ಎಂದು ತಲೆ ಕೆಡಿಸಿಕೊಳ್ಳುವುದಕ್ಕೆ ಕಾರಣ ಇದು. ಕಾಲಿನಲ್ಲಿ ಒತ್ತುವ ಸ್ವಿಚ್ಚಿಗೆ ಒಂಬತ್ತು ಕಾಲುಗಳು. ಒಂದು ತಂತಿ ಪಕ್ಕದ ಸಾಲಿಗೆ ಹೋದರೂ ಇಡೀ ದಾರಿ ತಪ್ಪುತ್ತದೆ. ಆ ಕಾಲುಗಳಿಗೆ ಬಿಸಿ ಹೆಚ್ಚು ಹೊತ್ತು ತಾಗಿಸಿದರೆ ಒಳಗಿನ ಪ್ಲಾಸ್ಟಿಕ್ ಮೆತ್ತಗಾಗಿ ಸ್ವಿಚ್ಚೇ ಹಾಳಾಗುತ್ತದೆ, ಹೊಸ ಭಾಗ ನಿಜಕ್ಕೂ ಸಾಯುವ ಕೆಲವೇ ಸಂದರ್ಭಗಳಲ್ಲಿ ಇದೊಂದು. ಇವನ್ನೆಲ್ಲ ಹುಡುಕುವ ಮೊದಲು ಮಾಡಬೇಕಾದ ಪರೀಕ್ಷೆ ತೀರ ಸರಳ. ಪೆಡಲ್ ಆಫ್ ಆಗಿರುವಾಗ ಗಿಟಾರಿನ ಸಹಜ ಸದ್ದು ದಾಟಿ ಬರುತ್ತದೆಯೇ? ಬಂದರೆ ಎರಡೂ ಜಾಕ್‌ಗಳು, ಕೇಬಲ್‌ಗಳು, ಆಂಪ್ಲಿಫೈಯರ್ ಒಂದೇ ಏಟಿಗೆ ನಿರ್ದೋಷಿಗಳು. ಇನ್ನೊಂದು ಬಗೆಯಿದೆ: ಡಬ್ಬಿಯ ಹೊರಗೆ ಹಾಡುವ ಪೆಡಲ್ ಡಬ್ಬಿಯೊಳಗೆ ಕೂರಿಸಿ ಸ್ಕ್ರೂ ಬಿಗಿದ ಕೂಡಲೇ ಸುಮ್ಮನಾಗುತ್ತದೆ. ಅಲ್ಯೂಮಿನಿಯಂ ಡಬ್ಬಿ ಗ್ರೌಂಡಿಗೆ ಸೇರಿರುತ್ತದೆ. ಬೋರ್ಡಿನ ಬೆನ್ನಿನ ಯಾವುದೋ ಬೆಸುಗೆಯ ಮೊನೆ ಡಬ್ಬಿಗೋ ಪಾಟ್‌ನ ಲೋಹದ ಬೆನ್ನಿಗೋ ತಾಗುತ್ತಿದೆ. ಒಂದು ತುಂಡು ಇನ್ಸುಲೇಷನ್ ಟೇಪು ಸಾಕು.

ಇಲ್ಲಿ ಸಂಗೀತಗಾರರು ಎತ್ತುವ ಆಕ್ಷೇಪವೊಂದಿದೆ, ಅದು ಹಗುರವಾದದ್ದಲ್ಲ. ಪೆಡಲ್ ಒಂದು ವಾದ್ಯ, ಅದನ್ನು ಅಳೆಯಬೇಕಾದ್ದು ಕಿವಿ, ಮೀಟರಿಗೆ ಸಂಗೀತ ಕೇಳಿಸುತ್ತದೆಯೇ ಎಂದು ಅವರು ಕೇಳುತ್ತಾರೆ. ಕೇಳಿಸುವುದಿಲ್ಲ. 4.5 ವೋಲ್ಟ್ ಇದ್ದ ಮಾತ್ರಕ್ಕೆ ಸದ್ದು ಚೆನ್ನಾಗಿರಬೇಕೆಂದೇನೂ ಇಲ್ಲ. ಆದರೆ ಕಿವಿ ಹೇಳುವುದು ತೊಂದರೆ ಏನೆಂದು, ಎಲ್ಲಿದೆಯೆಂದಲ್ಲ. ಸೊರಗಿದ ಸದ್ದಿಗೆ ತಿರುವುಮುರುವಾದ ಟ್ರಾನ್ಸಿಸ್ಟರೂ ಕಾರಣವಾಗಬಹುದು, ತಪ್ಪು ರೆಸಿಸ್ಟರೂ ಆಗಬಹುದು, ಸವೆದ ಬ್ಯಾಟರಿಯೂ ಆಗಬಹುದು. ಕಿವಿಗೆ ಮೂರೂ ಒಂದೇ. ಅಷ್ಟಕ್ಕೂ ಕಿವಿಯನ್ನೇ ಸರ್ಕ್ಯೂಟಿನೊಳಗೆ ಕಳಿಸುವ ಉಪಾಯವೊಂದಿದೆ, ಆಡಿಯೋ ಪ್ರೋಬ್. ಗಿಟಾರಿನ ಹಳೆಯ ಕೇಬಲ್ ಒಂದರ ತುದಿ ಕತ್ತರಿಸಿ, ಒಳತಂತಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿ, ಹೊರಜಾಲರಿಗೆ ಕ್ಲಿಪ್ಪು ಹಾಕಿ ಪೆಡಲಿನ ಗ್ರೌಂಡಿಗೆ ಕಚ್ಚಿಸಬೇಕು. ಕೇಬಲಿನ ಇನ್ನೊಂದು ತುದಿ ಆಂಪ್ಲಿಫೈಯರಿಗೆ. ಕೆಪಾಸಿಟರ್ ನೇರ ವಿದ್ಯುತ್ತನ್ನು ತಡೆದು ಸದ್ದನ್ನು ಮಾತ್ರ ಬಿಡುತ್ತದೆ. ಪೆಡಲ್ಲಿಗೆ ಗಿಟಾರೋ ಮೊಬೈಲಿನ ಹಾಡೋ ಹರಿಸಿ, ಸಂಕೇತದ ದಾರಿಯುದ್ದಕ್ಕೂ ಈ ಮೊನೆ ತಾಗಿಸುತ್ತ ಹೋದರೆ ಸದ್ದು ಎಲ್ಲಿಯವರೆಗೆ ಬರುತ್ತಿದೆ, ಎಲ್ಲಿ ನಿಂತಿದೆ ಎಂದು ಕಿವಿಯೇ ಹೇಳುತ್ತದೆ. ಬಿಗ್ ಮಫ್‌ನಂಥ ನಾಲ್ಕು ಟ್ರಾನ್ಸಿಸ್ಟರಿನ ಪೆಡಲ್‌ಗಳಲ್ಲಿ ಮೊದಲಿನಿಂದ ಶುರುಮಾಡಬೇಕಾಗಿಯೂ ಇಲ್ಲ. ನಡುವೆ ತಾಗಿಸಿ. ಸದ್ದಿದ್ದರೆ ತಪ್ಪು ಮುಂದಿನ ಅರ್ಧದಲ್ಲಿದೆ, ಇಲ್ಲದಿದ್ದರೆ ಹಿಂದಿನ ಅರ್ಧದಲ್ಲಿ. ಆ ಅರ್ಧದ ನಡುವೆ ಮತ್ತೊಮ್ಮೆ. ಹದಿನಾರು ಜಾಗಗಳಲ್ಲಿ ಅಡಗಿದ ತಪ್ಪನ್ನು ಹೀಗೆ ನಾಲ್ಕು ಮುಟ್ಟಿಗೆ ಹಿಡಿಯಬಹುದು. ಒಂದು ಎಚ್ಚರಿಕೆ: ಈ ಆಟ 9 ವೋಲ್ಟಿನ ಪೆಡಲ್ಲಿಗೆ ಮಾತ್ರ. ವಾಲ್ವ್ ಆಂಪ್ಲಿಫೈಯರಿನೊಳಗೆ ನೂರಾರು ವೋಲ್ಟ್ ಇರುತ್ತದೆ, ಸ್ವಿಚ್ ಆರಿಸಿದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ. ಅದನ್ನು ಬಲ್ಲವರಿಗೆ ಬಿಡಬೇಕು.

ಎರಡನೆಯ ಆಕ್ಷೇಪ ನಮ್ಮ ಮಾರುಕಟ್ಟೆಯನ್ನು ಕಂಡವರದು. ಹೊಸ ಭಾಗಗಳು ಕೆಟ್ಟಿರುವುದಿಲ್ಲ ಎನ್ನುವುದು ಪುಸ್ತಕದ ಮಾತು, ನಕಲಿ ಚಿಪ್ಪು, ಹಳೆಯ ಬೋರ್ಡಿನಿಂದ ಕಿತ್ತು ಹೊಳಪು ಕೊಟ್ಟ ಟ್ರಾನ್ಸಿಸ್ಟರ್ ಇವೆಲ್ಲ ಮಾರಾಟವಾಗುತ್ತಲೇ ಇವೆಯಲ್ಲ? ಇವೆ. ಅದರಲ್ಲೂ ಹೆಸರುವಾಸಿಯಾದ, ತಯಾರಿಕೆ ನಿಂತುಹೋದ ಭಾಗಗಳಲ್ಲಿ ಮೋಸ ಹೆಚ್ಚು, ಏಕೆಂದರೆ ಅಲ್ಲಿ ಬೆಲೆ ಹೆಚ್ಚು. ಆದರೆ ಈ ಮಾತು ಅಳತೆಯ ಪರವಾಗಿಯೇ ನಿಲ್ಲುತ್ತದೆ. ಭಾಗದ ಮೇಲೆ ಅನುಮಾನವಿದ್ದರೆ ಅದನ್ನು ಬೆಸುಗೆಗೆ ಮೊದಲೇ ಪರೀಕ್ಷಿಸಬೇಕು. ಅಗ್ಗದ ಮೀಟರುಗಳಲ್ಲೂ ಟ್ರಾನ್ಸಿಸ್ಟರ್ ಚುಚ್ಚಿ ನೋಡುವ ಸಣ್ಣ ಸಾಕೆಟ್ ಇರುತ್ತದೆ. ಚಿಪ್ಪನ್ನು ಬೋರ್ಡಿಗೆ ನೇರ ಬೆಸೆಯದೆ ಐಸಿ ಬೇಸ್ ಹಾಕಿ ಕೂರಿಸಿದರೆ ಬೇಕಾದಾಗ ತೆಗೆಯಬಹುದು. ಅನುಮಾನದ ಭಾಗವನ್ನು ಕುರುಡಾಗಿ ಹಾಕಿ, ಅಷ್ಟೇ ಅನುಮಾನದ ಇನ್ನೊಂದರಿಂದ ಬದಲಿಸುವುದರಿಂದ ಏನು ತಿಳಿದಂತಾಯಿತು? ಅನುಭವಿ ರಿಪೇರಿಯವರು ಭಾಗ ನೋಡಿದ ತಕ್ಷಣ ಬದಲಿಸುವುದಿಲ್ಲವೇ ಎಂದರೆ, ಬದಲಿಸುತ್ತಾರೆ. ಅವರ ಮುಂದಿರುವುದು ಒಂದು ಕಾಲದಲ್ಲಿ ದುಡಿದ ಯಂತ್ರ, ಅದೇ ಮಾದರಿಯ ಹತ್ತಾರು ಯಂತ್ರಗಳಲ್ಲಿ ಯಾವ ಭಾಗ ಮೊದಲು ಸೋಲುತ್ತದೆಂದು ಅವರು ಬಲ್ಲರು. ಅವರ ಆತುರದ ಹಿಂದೆ ಅಳತೆಗಳ ದೊಡ್ಡ ಗಂಟಿದೆ. ಮೊದಲ ಪೆಡಲ್ ಕಟ್ಟುವವರ ಬಳಿ ಅದಿಲ್ಲ.

ಮೂರನೆಯದು ಜರ್ಮೇನಿಯಂ ಭಕ್ತರ ಆಕ್ಷೇಪ, ಇದರಲ್ಲಿ ನಿಜವೂ ಇದೆ, ಪುರಾಣವೂ ಇದೆ. ಲಂಡನ್ನಿನ ಆರ್ಬಿಟರ್ ಕಂಪನಿ 1966ರಲ್ಲಿ ತಂದ, ಜಿಮಿ ಹೆಂಡ್ರಿಕ್ಸ್ ಕಾಲಡಿಯಲ್ಲಿ ಜಗತ್ಪ್ರಸಿದ್ಧವಾದ ದುಂಡನೆಯ ಫಝ್ ಫೇಸ್ ಪೆಡಲಿನಲ್ಲಿ ಎರಡು ಪಾಟ್ ಸೇರಿ ಇರುವುದು ಹನ್ನೊಂದೇ ಭಾಗ. ಅದರ ಹಳೆಯ ಮಾದರಿಗಳಲ್ಲಿದ್ದ ಎನ್‌ಕೆಟಿ 275 ಜರ್ಮೇನಿಯಂ ಟ್ರಾನ್ಸಿಸ್ಟರುಗಳ ಗುಣ ಒಂದರಿಂದ ಒಂದಕ್ಕೆ ಬಹಳ ಬದಲಾಗುತ್ತಿತ್ತು. ಒಂದು ಪೆಡಲ್ ಜೇನಿನಂತೆ, ಇನ್ನೊಂದು ಬರೀ ಕರಕರ. ಆದ್ದರಿಂದ ಇಲ್ಲಿ ಅಳತೆ ನಡೆಯದು, ಅದೃಷ್ಟವಿದ್ದರೆ ಒಳ್ಳೆಯ ಜೋಡಿ ಸಿಗುತ್ತದೆ ಎಂಬ ನಂಬಿಕೆ ಬೆಳೆಯಿತು. ಆದರೆ ಆ ವ್ಯತ್ಯಾಸಕ್ಕೂ ಹೆಸರಿದೆ, ಅಳತೆಯಿದೆ. ಜರ್ಮೇನಿಯಂ ಟ್ರಾನ್ಸಿಸ್ಟರಿನಲ್ಲಿ ಬೇಸಿಗೆ ಏನೂ ಕೊಡದಿದ್ದರೂ ಸ್ವಲ್ಪ ಪ್ರವಾಹ ಸೋರುತ್ತದೆ. ಆ ಸೋರಿಕೆ ಒಂದೊಂದರಲ್ಲಿ ಒಂದೊಂದು ತರ, ಜೊತೆಗೆ ಬಿಸಿ ಹತ್ತು ಡಿಗ್ರಿ ಏರಿದರೆ ಸುಮಾರು ಎರಡು ಪಟ್ಟಾಗುತ್ತದೆ. ಮೀಟರಿನ ಟ್ರಾನ್ಸಿಸ್ಟರ್ ಸಾಕೆಟ್ ಈ ಸೋರಿಕೆಯನ್ನೂ ಶಕ್ತಿಯೆಂದೇ ಎಣಿಸಿ ಹೆಚ್ಚು ಅಂಕ ತೋರಿಸುತ್ತದೆ. ಮೀಟರನ್ನೂ ಕಣ್ಣುಮುಚ್ಚಿ ನಂಬಬಾರದು ಎಂಬುದಕ್ಕೆ ಇದು ಸಾಕ್ಷಿ. ಅಮೆರಿಕದ ಆರ್. ಜಿ. ಕೀನ್ ಎಂಬ ಎಂಜಿನಿಯರ್ ಎರಡು ರೆಸಿಸ್ಟರ್, ಒಂದು ಬ್ಯಾಟರಿಯಿಂದ ಸೋರಿಕೆಯನ್ನು ಬೇರೆಯಾಗಿ ಅಳೆದು, ಒಟ್ಟು ಲೆಕ್ಕದಿಂದ ಕಳೆದು, ಉಳಿದ ನಿಜವಾದ ಶಕ್ತಿಯನ್ನು ತಿಳಿಯುವ ವಿಧಾನವನ್ನು ಹವ್ಯಾಸಿಗಳಿಗೆ ವಿವರಿಸಿದ ಮೇಲೆ ಅದೃಷ್ಟದ ಪಾಲು ಬಹಳಷ್ಟು ಕಡಿಮೆಯಾಯಿತು. ಫಝ್ ಫೇಸ್‌ನ ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರ್ 4.5 ವೋಲ್ಟಿನ ಸುತ್ತ ನಿಲ್ಲುವಂತೆ ಒಂದು ರೆಸಿಸ್ಟರನ್ನು ಹೊಂದಿಸಿದರೆ ಆ ಸರ್ಕ್ಯೂಟಿನ ಅರ್ಧ ರಹಸ್ಯ ಮುಗಿಯಿತು. ಉಳಿದರ್ಧ ಕಿವಿಗೆ ಬಿಟ್ಟದ್ದು. ಆದರೂ ಬೇಸಿಗೆಯಲ್ಲಿ ಪಾದರಸ ನಲವತ್ತು ದಾಟುವ ಕಲಬುರಗಿ, ರಾಯಚೂರಿನಲ್ಲಿ ಜರ್ಮೇನಿಯಂ ಪೆಡಲ್ ಕಟ್ಟುವವರು ಸಂಜೆಯ ತಂಪಿನಲ್ಲಿ ಹೊಂದಿಸಿದ ವೋಲ್ಟೇಜ್ ಮಧ್ಯಾಹ್ನ ಜಾರಿರುತ್ತದೆ. ಅವರಿಗೆ ಸಿಲಿಕಾನೇ ಲೇಸು.

ದೋಷವಲ್ಲದ ದೋಷಗಳೂ ಇವೆ, ಅವನ್ನು ಹುಡುಕಿ ಹೊರಟರೆ ಸಿಗುವುದಿಲ್ಲ. ಹಳೆಯ ಫಝ್ ಫೇಸ್‌ನಲ್ಲಿ ಬ್ಯಾಟರಿಯ ಧನ ತುದಿಯೇ ಗ್ರೌಂಡು. ಅದನ್ನು ಬೇರೆ ಪೆಡಲ್‌ಗಳ ಜೊತೆ ಒಂದೇ ಅಡಾಪ್ಟರಿಗೆ ಜೋಡಿಸಿದರೆ ಅಡಾಪ್ಟರ್ ಶಾರ್ಟ್ ಆಗುತ್ತದೆ, ಪೆಡಲಿನ ತಪ್ಪೇನೂ ಇಲ್ಲ. ಗಿಟಾರಿಗೂ ಅದಕ್ಕೂ ನಡುವೆ, ಪಿಕಪ್ಪನ್ನು ಬೇರ್ಪಡಿಸುವ ಬಫರ್ ಇರುವ ಇನ್ನೊಂದು ಪೆಡಲ್ ಇಟ್ಟರೆ ಸದ್ದು ಒರಟಾಗುತ್ತದೆ, ಏಕೆಂದರೆ ಫಝ್ ಫೇಸ್ ಗಿಟಾರಿನ ಪಿಕಪ್ಪಿಗೆ ನೇರವಾಗಿ ಅಂಟಿಕೊಂಡು ಕೆಲಸ ಮಾಡುವಂತೆ ರೂಪುಗೊಂಡದ್ದು. ಗುಂಯ್ ಎನ್ನುವ ಸದ್ದು ಬಂದರೆ ಅಡಾಪ್ಟರ್ ಬಿಚ್ಚಿ ಬ್ಯಾಟರಿ ಹಾಕಿ ನೋಡಬೇಕು. ಸದ್ದು ಹೋದರೆ ಅಡಾಪ್ಟರಿನದು, ಉಳಿದರೆ ಗ್ರೌಂಡಿನದು ಅಥವಾ ಪಿಕಪ್ ಸುತ್ತಲಿನ ಮನೆ ವಿದ್ಯುತ್ತಿನಿಂದ ಹೀರಿದ್ದು. ಇನ್ನು ಪೆಡಲಿನಿಂದ ರೇಡಿಯೋದ ಮಾತು ಕೇಳಿಸುವುದು. ಮಧ್ಯಮ ತರಂಗದ ಪ್ರಬಲ ಕೇಂದ್ರದ ಹತ್ತಿರವಿದ್ದರೆ ಉದ್ದದ ಕೇಬಲ್ಲು ಏರಿಯಲ್ ಆಗುತ್ತದೆ, ಟ್ರಾನ್ಸಿಸ್ಟರಿನ ಬೇಸು ಎಮಿಟರ್ ನಡುವಿನ ಸಂಧಿ ಹಳೆಯ ಕ್ರಿಸ್ಟಲ್ ರೇಡಿಯೋದ ಕೆಲಸ ಮಾಡುತ್ತದೆ. ಅಲ್ಲಿ 100 ಪಿಕೋಫ್ಯಾರಡ್ ಆಸುಪಾಸಿನ ಸಣ್ಣ ಕೆಪಾಸಿಟರ್ ಇಟ್ಟರೆ ವಾರ್ತೆ ನಿಲ್ಲುತ್ತದೆ, ಗಿಟಾರ್ ಉಳಿಯುತ್ತದೆ.

ಇಷ್ಟೆಲ್ಲ ಒದ್ದಾಟ ಯಾಕೆ, ಚೀನಾದ ಪೆಡಲ್ ಅಗ್ಗಕ್ಕೆ ಸಿಗುವುದಿಲ್ಲವೇ ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ: ಸಿಗುತ್ತದೆ. ಸೋಲ್ಡರಿಂಗ್ ಐರನ್, ಮೀಟರ್, ಡಬ್ಬಿ, ಜಾಕ್, ಸ್ವಿಚ್ಚು ಎಲ್ಲ ಕೂಡಿಸಿದರೆ ಮನೆಯ ಮೊದಲ ಪೆಡಲ್ ಅಂಗಡಿಯದಕ್ಕಿಂತ ದುಬಾರಿಯಾದರೂ ಆಶ್ಚರ್ಯವಿಲ್ಲ. ಹಣ ಉಳಿಸಲು ಇದಕ್ಕೆ ಕೈಹಾಕಬಾರದು. ಆದರೆ ಅಂಗಡಿಯ ಪೆಡಲ್ ಕೆಟ್ಟ ದಿನ ಅದರೊಳಗಿನ ಸಾಸಿವೆ ಗಾತ್ರದ ಭಾಗಗಳ ಮುಂದೆ ಮಾಲೀಕ ಅಸಹಾಯಕ. ಎಂಟು ಭಾಗದ ಬೂಸ್ಟರನ್ನು ಅಳೆದು ಎಬ್ಬಿಸಿದವರಿಗೆ ಆ ಅಸಹಾಯಕತೆ ಅಷ್ಟಿರುವುದಿಲ್ಲ, ಕನಿಷ್ಠ ವಿದ್ಯುತ್ ಎಲ್ಲಿಯವರೆಗೆ ತಲುಪಿದೆ ಎಂದಾದರೂ ಹೇಳಬಲ್ಲರು. ನಾಲ್ಕು ಟ್ರಾನ್ಸಿಸ್ಟರಿನ ಸರ್ಕ್ಯೂಟಿಗೆ ನೇರವಾಗಿ ಹಾರುವವರು ಮಾತ್ರ ಕಿಟ್ ಕೊಂಡು, ನಕ್ಷೆ ನೋಡಿ ಬೆಸೆದು, ನಡೆದರೆ ಹಿಗ್ಗಿ, ನಡೆಯದಿದ್ದರೆ ಬೇರೊಬ್ಬರನ್ನು ಹುಡುಕಿಕೊಂಡು ಹೋಗುತ್ತಾರೆ. ಅದು ಕಟ್ಟಿದಂತಲ್ಲ, ಕಷ್ಟಪಟ್ಟು ಕೊಂಡಂತೆ.

ಆದ್ದರಿಂದ ಪೆಡಲ್ ಕಟ್ಟಲು ಹೊರಟವರಲ್ಲಿ ಒಂದೇ ವಿನಂತಿ. ಬ್ಯಾಟರಿ ಹಾಕುವ ಮೊದಲು, ಸರ್ಕ್ಯೂಟಿನ ಪ್ರತಿ ಟ್ರಾನ್ಸಿಸ್ಟರಿನ ಮೂರು ಕಾಲುಗಳಲ್ಲಿ ಎಷ್ಟೆಷ್ಟು ವೋಲ್ಟ್ ಇರಬೇಕೆಂದು ಲೆಕ್ಕ ಹಾಕಿ ಬರೆದಿಟ್ಟುಕೊಳ್ಳಿ. ಪೆಡಲ್ ಮೊದಲ ಸಲ ಹಾಡಿದ ದಿನ ನಿಜವಾಗಿ ಎಷ್ಟಿದೆಯೆಂದು ಅಳೆದು, ಬ್ಯಾಟರಿಯ ವೋಲ್ಟೇಜನ್ನೂ ತಾರೀಖನ್ನೂ ಸೇರಿಸಿ, ಆ ಚೀಟಿಯನ್ನು ಡಬ್ಬಿಯ ಮುಚ್ಚಳದ ಒಳಮೈಗೆ ಅಂಟಿಸಿ. ಮುಂದೆ ಅದು ನಿಜಕ್ಕೂ ಕೆಟ್ಟಾಗ, ತೆರೆಯುವವರು ನೀವೇ ಇರಲಿ ಬೇರೆ ಯಾರೇ ಇರಲಿ, ಮೊದಲು ಓದಬೇಕಾದದ್ದು ಆ ಚೀಟಿಯನ್ನೇ.